ನಡೆದ ಅಪರಾಧ, ಆಡಿದ ನಾಟಕ, ನೋಡಿದವರ ಮಾತು

ನಾಟಕವೊಂದನ್ನು ನೋಡಿ ಬಂದವರನ್ನು ಅದು ಹೇಗಿತ್ತೆಂದು ಕೇಳಿದರೆ, ಅವರ ಉತ್ತರದಲ್ಲಿ ನಟರ ಅಭಿನಯ, ಕಥೆಯ ಓಟ, ಮಾತಿನ ಸೊಗಸು, ಮುಕ್ತಾಯದ ಔಚಿತ್ಯ ಮೊದಲಾದವುಗಳ ಪ್ರಸ್ತಾಪ ಬರುವುದೇ ಹೊರತು, ಆ ನಾಟಕವನ್ನು ಆಡಿದ್ದು ಸರಿಯೋ ತಪ್ಪೋ ಎಂಬ ಜಿಜ್ಞಾಸೆ ಹುಟ್ಟುವುದು ಅಪೂರ್ವ. ಆದರೆ ವಾಸ್ತವವಾಗಿ ನಡೆದ ಕೊಲೆಯನ್ನೋ ಅತ್ಯಾಚಾರವನ್ನೋ ನ್ಯಾಯದ ಹೆಸರಿನಲ್ಲಿ ನಡೆದ ಅನ್ಯಾಯವನ್ನೋ ಆಧರಿಸಿ ರಚಿತವಾದ ದೂರದರ್ಶನ ನಾಟಕಗಳ ವಿಷಯದಲ್ಲಿ ಈ ಜಿಜ್ಞಾಸೆಯೇ ಉಳಿದೆಲ್ಲ ವಿಮರ್ಶೆಗಿಂತ ಮುಂದೆ ಬಂದು ನಿಲ್ಲುತ್ತದೆ. ಅಭಿನಯ ಅದ್ಭುತವೆಂದು ಒಬ್ಬರು ಹೇಳುತ್ತಿರುವಾಗಲೇ, ಸತ್ತವರನ್ನು ಇನ್ನೊಮ್ಮೆ ಸಾಯಿಸಿದರೆಂದು ಮತ್ತೊಬ್ಬರು ಹೇಳುತ್ತಾರೆ. ಇಂಥದನ್ನು ಲೋಕ ನೋಡಲೇಬೇಕು ಎಂದು ಒಬ್ಬರು, ಇದನ್ನು ಮಾಡುವ ಅಧಿಕಾರವನ್ನು ಇವರಿಗೆ ಕೊಟ್ಟವರಾರು ಎಂದು ಇನ್ನೊಬ್ಬರು. ಈ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇವು ಒಂದೇ ಕೃತಿಯ ಮೇಲೆ ಹುಟ್ಟಿದ ಭಿನ್ನಾಭಿಪ್ರಾಯಗಳಾಗಿ ತೋರುವುದಿಲ್ಲ. ಬೇರೆ ಬೇರೆ ಸ್ಥಾನಗಳಲ್ಲಿ ಕುಳಿತವರು ಬೇರೆ ಬೇರೆ ವಸ್ತುಗಳನ್ನೇ ನೋಡಿ ಆಡಿದ ಮಾತುಗಳಾಗಿ ತೋರುತ್ತವೆ. ಯಾರು ಎಲ್ಲಿ ಕುಳಿತು ನೋಡಿದರು ಎಂಬುದನ್ನು ವಿಚಾರಿಸದೆ ಪ್ರೇಕ್ಷಕರ ಅಭಿಪ್ರಾಯವನ್ನು ತೂಗುವುದು ಸಾಧ್ಯವಿಲ್ಲವೆಂಬುದೇ ಈ ಲೇಖನದ ಪ್ರಮೇಯ.

ಪ್ರಶ್ನೆ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ 494 ರಲ್ಲಿ ಪಾರಸಿಕರು ಮಿಲೇಟಸ್ ನಗರವನ್ನು ಗೆದ್ದು ಧ್ವಂಸಮಾಡಿದ ಮೇಲೆ, ಫ್ರಿನಿಕಸ್ ಎಂಬ ಗ್ರೀಕ್ ನಾಟಕಕಾರನು ಆ ಪತನವನ್ನೇ ವಸ್ತುವಾಗಿಟ್ಟುಕೊಂಡು ಅಥೆನ್ಸಿನಲ್ಲಿ ನಾಟಕವಾಡಿಸಿದನೆಂದೂ, ಪ್ರೇಕ್ಷಾಂಗಣವೆಲ್ಲ ಕಣ್ಣೀರಿನಲ್ಲಿ ಮುಳುಗಿತೆಂದೂ, ತಮ್ಮವರಿಗೊದಗಿದ ವಿಪತ್ತನ್ನು ತಮಗೆ ನೆನಪಿಸಿದ ಅಪರಾಧಕ್ಕಾಗಿ ಅಥೆನ್ಸಿನವರು ಅವನಿಗೆ ಸಾವಿರ ದ್ರಾಕ್ಮಗಳ ದಂಡ ವಿಧಿಸಿ ಆ ನಾಟಕವನ್ನು ಮುಂದೆ ಯಾರೂ ಆಡಕೂಡದೆಂದು ನಿಷೇಧಿಸಿದರೆಂದೂ ಹೆರೊಡೋಟಸ್ ಬರೆದಿದ್ದಾನೆ. ನಾಟಕ ಚೆನ್ನಾಗಿರಲಿಲ್ಲವೆಂದು ಯಾರೂ ಹೇಳಿದಂತಿಲ್ಲ. ಅದು ಚೆನ್ನಾಗಿದ್ದುದೇ ದೋಷವಾಯಿತು. ಮಿಲೇಟಸ್ಸಿನವರೊಡನೆ ರಕ್ತಸಂಬಂಧವಿದ್ದ ಆ ಜನರಿಗೆ ರಂಗದ ಮೇಲೆ ಕಂಡದ್ದು ಕಥೆಯಾಗಿರಲಿಲ್ಲ.

ನಮ್ಮ ಆಲಂಕಾರಿಕರು ಇದೇ ಸಂಗತಿಯನ್ನು ಇನ್ನೊಂದು ದಾರಿಯಿಂದ ಬಂದು ಮುಟ್ಟಿದ್ದಾರೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ನಾಟಕದ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಲೋಕಕ್ಕೆ ಮೊದಲೇ ತಿಳಿದ ಕಥೆ ಒಂದು, ಕವಿ ತಾನೇ ಕಲ್ಪಿಸಿದ್ದು ಇನ್ನೊಂದು, ಎರಡನ್ನೂ ಬೆರಸಿದ್ದು ಮೂರನೆಯದು. ಇಂದಿನ ಸತ್ಯಾಪರಾಧದ ಧಾರಾವಾಹಿಗಳೆಲ್ಲವೂ ಈ ಮೂರನೆಯ ಜಾತಿಗೆ ಸೇರಿದವು. ಅವುಗಳ ಮೇಲೆ ಎದ್ದಿರುವ ವಿವಾದಗಳಲ್ಲಿ ಅರ್ಧಕ್ಕರ್ಧ ಎಲ್ಲಿ ಪ್ರಖ್ಯಾತ ಮುಗಿದು ಉತ್ಪಾದ್ಯ ಆರಂಭವಾಯಿತೆಂಬ ಗೆರೆಯನ್ನು ಕುರಿತವು. ಉಳಿದರ್ಧಕ್ಕೆ ಉತ್ತರವನ್ನು ಅಭಿನವಗುಪ್ತನ ರಸವಿಚಾರದಲ್ಲಿ ಹುಡುಕಬೇಕು. ಶೋಕವು ಕರುಣರಸವಾಗಿ ಆಸ್ವಾದ್ಯವಾಗುವುದು, ಅದು ಇಂಥವನದೆಂಬ ವ್ಯಕ್ತಿಸಂಬಂಧ ಕಳಚಿ ಸರ್ವರದೂ ಆದಾಗ, ಇದೇ ಸಾಧಾರಣೀಕರಣ. ಈ ಆಸ್ವಾದಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲೊಂದಾಗಿ ಹೇಳುತ್ತಾನೆ. ಗೀತವಾದ್ಯಾದಿಗಳು ಆ ವಿಘ್ನವನ್ನು ನಿವಾರಿಸುವುವೆಂಬ ಭರವಸೆಯೂ ಅವನಿಗಿತ್ತು. ಆದರೆ ರಂಗದ ಮೇಲೆ ಸಾಯುತ್ತಿರುವವನು ತನ್ನ ಸ್ವಂತ ತಮ್ಮನಾಗಿದ್ದು, ಅಳುತ್ತಿರುವ ಪಾತ್ರ ತಾನೇ ಆಗಿರುವ ಪ್ರೇಕ್ಷಕಿಯ ವಿಘ್ನವನ್ನು ಯಾವ ಗೀತವಾದ್ಯ ಕಳೆಯಬಲ್ಲದು?

ಇದು ಕಲ್ಪನೆಯ ಉದಾಹರಣೆಯಲ್ಲ. 2022 ರ ಸೆಪ್ಟೆಂಬರ್ 21 ರಂದು ನೆಟ್‌ಫ್ಲಿಕ್ಸ್ ಸಂಸ್ಥೆ, ರಯಾನ್ ಮರ್ಫಿ ಮತ್ತು ಇಯಾನ್ ಬ್ರೆನನ್ ರೂಪಿಸಿದ, ಜೆಫ್ರಿ ಡಾಮರ್‌ನನ್ನು ಕುರಿತ ಹತ್ತು ಕಂತುಗಳ ನಾಟಕವನ್ನು ಬಿಡುಗಡೆ ಮಾಡಿತು. 1978 ರಿಂದ 1991 ರವರೆಗೆ ಹದಿನೇಳು ಮಂದಿ ಯುವಕರನ್ನೂ ಬಾಲಕರನ್ನೂ ಕೊಂದ ಈ ಮನುಷ್ಯನ ಕಥೆ ಅಮೆರಿಕದಲ್ಲಿ ಆ ಮೊದಲೇ ಹಲವು ಬಾರಿ ಹೇಳಲ್ಪಟ್ಟಿತ್ತು. ಆದರೂ ಪ್ರೇಕ್ಷಕರು ಅದಕ್ಕೆ ಮುಗಿಬಿದ್ದರು. ಅರವತ್ತು ದಿನಗಳೊಳಗಾಗಿ ಜನರು ಅದನ್ನು ನೋಡಿದ ಅವಧಿ ಒಟ್ಟು ನೂರು ಕೋಟಿ ಗಂಟೆಗಳನ್ನು ದಾಟಿತೆಂದು ಸಂಸ್ಥೆಯೇ ಪ್ರಕಟಿಸಿತು. ಇವಾನ್ ಪೀಟರ್ಸ್ ಎಂಬ ನಟನ ಅಭಿನಯಕ್ಕೆ ಗೋಲ್ಡನ್ ಗ್ಲೋಬ್ ಬಂತು. ನೆರೆಮನೆಯ ಗ್ಲೆಂಡಾ ಕ್ಲೀವ್‌ಲ್ಯಾಂಡ್ ಪಾತ್ರ ವಹಿಸಿದ ನೀಸಿ ನ್ಯಾಶ್‌ಗೆ ಎಮಿ ಬಂತು. ಹೊಗಳಿದವರ ಮಾತು ಕೇವಲ ಅಭಿನಯದ ಮಾತಾಗಿರಲಿಲ್ಲ. ಕೊಲೆಯಾದವರಲ್ಲಿ ಬಹುಮಂದಿ ಕರಿಯ ಜನಾಂಗದವರೂ ಬಡವರೂ ಸಲಿಂಗಪ್ರೇಮಿಗಳೂ ಆಗಿದ್ದುದರಿಂದಲೇ ಪೊಲೀಸರು ಕಣ್ಣು ಮುಚ್ಚಿದರೆಂಬ ಸತ್ಯವನ್ನು ಈ ನಾಟಕ ಮರೆಮಾಡದೆ ತೋರಿಸಿತೆಂದು ಅವರು ವಾದಿಸಿದರು. ಆ ವಾದದಲ್ಲಿ ತಿರುಳಿದೆ. 1991 ರ ಮೇ ತಿಂಗಳ ಒಂದು ರಾತ್ರಿ ಹದಿನಾಲ್ಕು ವರ್ಷದ ಬಾಲಕನೊಬ್ಬ ಡಾಮರ್‌ನ ಮನೆಯಿಂದ ತಪ್ಪಿಸಿಕೊಂಡು ಬೀದಿಗೆ ಬಂದಿದ್ದಾಗ, ನೆರೆಹೊರೆಯ ಹೆಂಗಸರ ಮಾತನ್ನು ಕೇಳದೆ ಮಿಲ್ವಾಕೀ ನಗರದ ಪೊಲೀಸರು ಅವನನ್ನು ಮರಳಿ ಕೊಲೆಗಾರನ ಕೈಗೇ ಒಪ್ಪಿಸಿದರು. ಆ ಬಾಲಕನ ಮರಣವಾದ ಮೇಲೆ, ಜುಲೈ ತಿಂಗಳಲ್ಲಿ ಡಾಮರ್ ಸೆರೆಸಿಕ್ಕುವುದರೊಳಗೆ ಇನ್ನೂ ನಾಲ್ವರು ಸತ್ತರು. ಕೆಲಸದಿಂದ ವಜಾ ಆದ ಇಬ್ಬರು ಪೊಲೀಸರು 1994 ರಲ್ಲಿ ಮತ್ತೆ ಕೆಲಸಕ್ಕೆ ಸೇರಿದರು. ಮೂವತ್ತು ವರ್ಷಗಳ ಅನಂತರ ಲೋಕವೆಲ್ಲ ಇದನ್ನು ತಿಳಿಯುವಂತೆ ಮಾಡಿದ್ದು ಸಣ್ಣ ಸೇವೆಯಲ್ಲ.

ಇನ್ನೊಂದು ಕಡೆಯ ಪ್ರೇಕ್ಷಕರ ಮಾತನ್ನು ಕೇಳೋಣ. ಡಾಮರ್‌ನ ವಿಚಾರಣೆಯ ಕೊನೆಯಲ್ಲಿ, 1992 ರಲ್ಲಿ, ಹತನಾದ ಯುವಕನೊಬ್ಬನ ಸೋದರಿ ನ್ಯಾಯಾಲಯದಲ್ಲಿ ಎದ್ದು ನಿಂತು ಕೊಲೆಗಾರನೆದುರು ತನ್ನ ಸಂಕಟವನ್ನೂ ಕ್ರೋಧವನ್ನೂ ಹೊರಹಾಕಿದ್ದರು. ನಾಟಕವು ಆ ದೃಶ್ಯವನ್ನು ಉಡುಪು, ಕೇಶವಿನ್ಯಾಸ, ಮಾತು ಯಾವುದನ್ನೂ ಬಿಡದೆ ಯಥಾವತ್ತಾಗಿ ಮರುಸೃಷ್ಟಿಸಿತು. ತೆರೆಯ ಮೇಲೆ ತನ್ನನ್ನೇ ಕಂಡಂತಾಯಿತೆಂದೂ, ಅಂದಿನ ಭಾವನೆಗಳೆಲ್ಲ ಹಿಂದಿರುಗಿ ಬಂದುವೆಂದೂ, ಇದನ್ನು ಮಾಡುವ ಮುನ್ನ ತನ್ನನ್ನು ಯಾರೂ ಕೇಳಲಿಲ್ಲವೆಂದೂ ಆಕೆ ಆಮೇಲೆ ಬರೆದರು. ಹತನಾದ ಮತ್ತೊಬ್ಬನ ತಾಯಿ, ತನ್ನ ಮಗನ ವಿಷಯದಲ್ಲಿ ತೋರಿಸಿರುವಂತೆ ಸಂಗತಿಗಳು ನಡೆಯಲಿಲ್ಲವೆಂದರು. ನಟನಿಗೆ ಪ್ರಶಸ್ತಿ ಬಂದಾಗ ತಮ್ಮ ದುಃಖದಿಂದ ಹೆಸರು ಗಳಿಸುವುದು ಸಲ್ಲದೆಂದು ನೊಂದು ನುಡಿದರು. ಮರ್ಫಿಯವರು ಇದಕ್ಕೆ, ಮೂರೂವರೆ ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಮಂದಿ ಬಂಧುಮಿತ್ರರನ್ನು ಸಂಪರ್ಕಿಸಲು ಯತ್ನಿಸಿದೆವು, ಒಬ್ಬರೂ ಉತ್ತರಿಸಲಿಲ್ಲ ಎಂದು ಸಮಾಧಾನ ಹೇಳಿದರು. ಎರಡು ಹೇಳಿಕೆಗಳಿಗೂ ಹೊಂದಾಣಿಕೆ ಕೂಡುವುದಿಲ್ಲ. ಮರ್ಫಿಯವರ ಮಾತು ನಿಜವೆಂದೇ ಒಪ್ಪಿದರೂ, ಉತ್ತರ ಬಾರದಿರುವುದು ಒಪ್ಪಿಗೆಯಲ್ಲವೆಂಬುದೂ, ಒಬ್ಬ ಜೀವಂತ ಹೆಣ್ಣುಮಗಳ ಅತ್ಯಂತ ನೋವಿನ ಕ್ಷಣವನ್ನು ಅಕ್ಷರಶಃ ಅಭಿನಯಿಸುವುದಕ್ಕೆ ಆಕೆಯ ಮೌನ ಅನುಮತಿಪತ್ರವಾಗದೆಂಬುದೂ ನನ್ನ ದೃಢವಾದ ನಂಬಿಕೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಎಲ್ಲಿ ನಾಟಕ ವಾಸ್ತವಕ್ಕೆ ಅತ್ಯಂತ ನಿಷ್ಠವಾಗಿತ್ತೋ ಅಲ್ಲೇ ಅದು ಅತಿ ಹೆಚ್ಚು ನೋಯಿಸಿತು. ಎಲ್ಲಿ ವಾಸ್ತವವನ್ನು ಬಿಟ್ಟು ನಡೆಯಿತೋ ಅಲ್ಲಿ ಸಾಮಾನ್ಯ ಪ್ರೇಕ್ಷಕರಿಂದ ಅತಿ ಹೆಚ್ಚು ಮೆಚ್ಚುಗೆ ಪಡೆಯಿತು. ನಾಟಕದಲ್ಲಿ ಕ್ಲೀವ್‌ಲ್ಯಾಂಡ್ ಕೊಲೆಗಾರನ ಗೋಡೆಗೆ ಗೋಡೆ ತಗುಲಿದ ಪಕ್ಕದ ಮನೆಯಲ್ಲಿ ವಾಸಿಸುತ್ತಾಳೆ; ವಸ್ತುತಃ ಆಕೆಯ ವಾಸ ಪಕ್ಕದ ಕಟ್ಟಡದಲ್ಲಿತ್ತು. ನಾಟಕ ಬರುವ ಹೊತ್ತಿಗೆ ಆಕೆ ಬದುಕಿಯೂ ಇರಲಿಲ್ಲ. ಇಬ್ಬರು ಹೆಂಗಸರ ಅನುಭವವನ್ನು ಒಬ್ಬಳಲ್ಲಿ ಸೇರಿಸಿದ ಈ ಪಾತ್ರವೇ ನೋಡಿದವರ ಮನಸ್ಸಿನಲ್ಲಿ ನ್ಯಾಯದ ಧ್ವನಿಯಾಗಿ ಉಳಿಯಿತು. ಸತ್ಯವಾಗಿದ್ದರೆ ಒಳ್ಳೆಯದು, ಕಲ್ಪಿತವಾಗಿದ್ದರೆ ಕೆಟ್ಟದ್ದು ಎಂಬ ಸುಲಭವಾದ ಅಳತೆಗೋಲು ಆದುದರಿಂದ ಇಲ್ಲಿ ನಿಲ್ಲುವುದಿಲ್ಲ. ಪ್ರೇಕ್ಷಕರಲ್ಲೇ ಕೆಲವರ ವರ್ತನೆ ಇನ್ನಷ್ಟು ಕಳವಳಕ್ಕೆ ಕಾರಣವಾಯಿತು. ಅದೇ ವರ್ಷದ ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಡಾಮರ್‌ನ ವೇಷದ ಉಡುಪುಗಳು ಮಾರಾಟಕ್ಕೆ ಬಂದು, ಈಬೇ ಸಂಸ್ಥೆ ಅವುಗಳನ್ನು ನಿಷೇಧಿಸಬೇಕಾಯಿತು. ಹತರ ತಾಯಂದಿರು ಬದುಕಿರುವ ಊರಿನಲ್ಲಿ ಹಂತಕನ ವೇಷ ತೊಟ್ಟು ಬೀದಿಗಿಳಿಯಬಹುದೆಂದು ಒಬ್ಬ ತರುಣನಿಗೆ ಅನ್ನಿಸಿದರೆ, ಆ ನಾಟಕ ಅವನಿಗೆ ಯಾವುದನ್ನು ಕಲಿಸಲು ಮರೆಯಿತೆಂಬುದನ್ನು ಅದರ ಕರ್ತೃಗಳು ಯೋಚಿಸಬೇಕು.

ಕೊಲೆಗಾರನ ಹೆಸರೇ ಕೃತಿಯ ಹೆಸರಾಗುವುದರಿಂದ ಇಂಥ ಅನರ್ಥಕ್ಕೆ ಬಾಗಿಲು ತೆರೆಯುತ್ತದೆಂಬ ಅಭಿಪ್ರಾಯ ಬ್ರಿಟನ್ನಿನಲ್ಲಿ ಬಲವಾಗಿದೆ. 1975 ರಿಂದ 1980 ರವರೆಗೆ ಹದಿಮೂರು ಮಂದಿ ಸ್ತ್ರೀಯರನ್ನು ಕೊಂದ ಪೀಟರ್ ಸಟ್‌ಕ್ಲಿಫ್‌ನ ಪ್ರಕರಣವನ್ನು ಕುರಿತು ಐಟಿವಿ ವಾಹಿನಿ ಧಾರಾವಾಹಿಯೊಂದನ್ನು ಸಿದ್ಧಪಡಿಸುತ್ತಿದ್ದಾಗ, ಪತ್ರಿಕೆಗಳು ಅವನಿಗೆ ಕೊಟ್ಟಿದ್ದ ಕುಖ್ಯಾತವಾದ ಅಡ್ಡಹೆಸರನ್ನೇ ಅದಕ್ಕೆ ಇಡುವ ಯೋಚನೆಯಿತ್ತು; ಹತರ ಬಂಧುಗಳು ಆಕ್ಷೇಪಿಸಿದುದರಿಂದ ಹೆಸರು ಬದಲಾಗಿ, 2023 ರ ಸೆಪ್ಟೆಂಬರಿನಲ್ಲಿ ಅದು ‘ದಿ ಲಾಂಗ್ ಶ್ಯಾಡೋ’ ಎಂಬುದಾಗಿ ಪ್ರಸಾರವಾಯಿತು. ಏಳು ಕಂತುಗಳಲ್ಲಿ ಜಾರ್ಜ್ ಕೇ ಅವರ ಬರವಣಿಗೆ ಹಂತಕನಿಗಿಂತ ಹೆಚ್ಚಾಗಿ ಆ ಸ್ತ್ರೀಯರ ಮನೆಗಳಲ್ಲಿ, ಅವರ ಮಕ್ಕಳ ನಡುವೆ, ದಾರಿತಪ್ಪಿದ ಪೊಲೀಸ್ ಠಾಣೆಗಳಲ್ಲಿ ನಿಲ್ಲುತ್ತದೆ. ಸಟ್‌ಕ್ಲಿಫ್‌ನನ್ನು ಪೊಲೀಸರು ಒಂಬತ್ತು ಬಾರಿ ಪ್ರಶ್ನಿಸಿ ಬಿಟ್ಟಿದ್ದರು. ಯಾರೋ ಕಳಿಸಿದ ಸುಳ್ಳು ಧ್ವನಿಮುದ್ರಿಕೆಯನ್ನು ನಂಬಿ ಬೇರೊಂದು ಪ್ರಾಂತದಲ್ಲಿ ಹುಡುಕುತ್ತ ಕಾಲ ಕಳೆದಿದ್ದರು. ಹದಿನಾರು ವರ್ಷದ ಬಾಲೆಯೊಬ್ಬಳು ಸತ್ತಾಗ ಆಕೆಯನ್ನು ಮುಗ್ಧೆಯೆಂದು ಕರೆದು, ಅದಕ್ಕೆ ಮುಂಚೆ ಸತ್ತ ಬಡ ತಾಯಂದಿರು ಮುಗ್ಧರಲ್ಲವೆಂಬಂತೆ ಮಾತನಾಡಿದ್ದರು. ಆ ಭಾಷೆಗಾಗಿ ಪಶ್ಚಿಮ ಯಾರ್ಕ್‌ಷೈರಿನ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೋರಿದ್ದು 2020 ರಲ್ಲಿ. ಇಂಥ ನಾಟಕದಲ್ಲೂ ರಕ್ತದ ಕುತೂಹಲ ಸ್ವಲ್ಪವಾದರೂ ಇಲ್ಲವೆನ್ನಲಾಗದು. ಆದರೆ ಹೆಸರೊಂದನ್ನು ಬದಲಿಸಿದುದರಿಂದ ನೋಡುವ ಕಣ್ಣು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ನಿಶ್ಚಿತವಾಯಿತು.

ಭಾರತದಲ್ಲಿ ಈ ಪ್ರಶ್ನೆ ಬೇರೆಯೇ ಒಂದು ರೂಪವನ್ನು ತಾಳಿತು. 2012 ರ ಡಿಸೆಂಬರ್ 16 ರ ರಾತ್ರಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಘೋರಕೃತ್ಯವನ್ನು ಆಧರಿಸಿ ರಿಚಿ ಮೆಹತಾ ಬರೆದು ನಿರ್ದೇಶಿಸಿದ ‘ಡೆಲ್ಲಿ ಕ್ರೈಮ್’ 2019 ರ ಮಾರ್ಚಿನಲ್ಲಿ ಬಂದು, ಮರುವರ್ಷ ಅಂತರರಾಷ್ಟ್ರೀಯ ಎಮಿ ಪ್ರಶಸ್ತಿಯನ್ನು ಗಳಿಸಿತು. ಶ್ರೇಷ್ಠ ನಾಟಕಸರಣಿಯೆಂಬ ಆ ಗೌರವ ಭಾರತೀಯ ಕೃತಿಯೊಂದಕ್ಕೆ ಸಂದದ್ದು ಅದೇ ಮೊದಲು. ಅದರ ಏಳು ಕಂತುಗಳಲ್ಲಿ ಎಲ್ಲಿಯೂ ಆ ಕೃತ್ಯವನ್ನು ತೋರಿಸುವುದಿಲ್ಲ. ವಧೆಯನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದೆಂದು, ಸೂಚ್ಯವಾಗಿ ಮಾತ್ರ ತಿಳಿಸತಕ್ಕದ್ದೆಂದು ವಿಧಿಸಿದ ನಮ್ಮ ಪ್ರಾಚೀನ ಲಾಕ್ಷಣಿಕರು ಇದನ್ನು ಒಪ್ಪುತ್ತಿದ್ದರು. (ಊರುಭಂಗದಲ್ಲಿ ಭಾಸನು ದುರ್ಯೋಧನನನ್ನು ಪ್ರೇಕ್ಷಕರ ಕಣ್ಣೆದುರಿಗೇ ಸಾಯಿಸಿ ಆ ವಿಧಿಯನ್ನು ಮೀರಿದನು, ಆದರೆ ಆ ಸಾವು ಹಂತಕನ ಪೌರುಷವನ್ನು ಮೆರೆಸುವುದಿಲ್ಲ, ಸಾಯುವವನ ಘನತೆಯನ್ನು ಎತ್ತಿ ಹಿಡಿಯುತ್ತದೆ.) ಘಟನೆಯ ಅನಂತರದ ಐದಾರು ದಿನಗಳ ತನಿಖೆ, ಶೇಫಾಲಿ ಷಾ ಅಭಿನಯಿಸಿದ ಮಹಿಳಾ ಪೊಲೀಸ್ ಅಧಿಕಾರಿಯ ದಣಿವು, ಹಣವಿಲ್ಲದೆ ವಾಹನವಿಲ್ಲದೆ ನಿದ್ರೆಯಿಲ್ಲದೆ ದುಡಿಯುವ ಠಾಣೆಯ ಕೆಳದರ್ಜೆಯ ಸಿಬ್ಬಂದಿ, ಇವುಗಳ ಮೂಲಕವೇ ಆ ಘೋರತೆ ನೋಡುವವನ ಎದೆಯನ್ನು ತಟ್ಟುತ್ತದೆ. ಈ ಸಂಯಮವನ್ನು ಪ್ರೇಕ್ಷಕರು ಬಹುಮಟ್ಟಿಗೆ ಏಕಕಂಠವಾಗಿ ಮೆಚ್ಚಿದರು.

ಒಮ್ಮತ ಮುರಿದದ್ದು ಬೇರೊಂದು ಕಡೆ. ದೆಹಲಿಯ ಮಾಜಿ ಪೊಲೀಸ್ ಆಯುಕ್ತ ನೀರಜ್ ಕುಮಾರ್ ಅವರೊಡನೆ ನಡೆದ ಮಾತುಕತೆಯಿಂದ ಈ ಕೃತಿಯ ಬೀಜ ಮೊಳೆಯಿತೆಂಬುದೂ, ತನಿಖೆಯ ಕಾಗದಪತ್ರಗಳೂ ಅಧಿಕಾರಿಗಳ ನೆನಪುಗಳೂ ಅದಕ್ಕೆ ಆಧಾರವಾದುವೆಂಬುದೂ ಬಹಿರಂಗವಾದ ಸಂಗತಿ. ಪರಿಣಾಮವಾಗಿ ಕಥೆಯ ದೃಷ್ಟಿಕೋನವೂ ಪೊಲೀಸರದೇ ಆಯಿತು. ಆ ಡಿಸೆಂಬರಿನ ಚಳಿಯಲ್ಲಿ ರಾಯಸೀನಾ ಬೆಟ್ಟದ ಬಳಿ ಜಲಫಿರಂಗಿಯನ್ನೂ ಲಾಠಿಯನ್ನೂ ಎದುರಿಸಿದ್ದವರಿಗೆ, ತಮ್ಮ ಪ್ರತಿಭಟನೆ ಈ ನಾಟಕದಲ್ಲಿ ತನಿಖೆಗೆ ಅಡ್ಡಬಂದ ಗದ್ದಲದಂತೆ ಕಂಡದ್ದು ಸಹಜವಾಗಿಯೇ ಅಸಮಾಧಾನವನ್ನುಂಟುಮಾಡಿತು. ಆ ಗದ್ದಲವಿಲ್ಲದೆ ನ್ಯಾಯಮೂರ್ತಿ ವರ್ಮಾ ಸಮಿತಿ ರಚಿತವಾಗುತ್ತಿರಲಿಲ್ಲ, ಒಂದು ತಿಂಗಳೊಳಗೆ, 2013 ರ ಜನವರಿ 23 ರಂದು, ಆ ಸಮಿತಿ ವರದಿ ಸಲ್ಲಿಸುತ್ತಿರಲಿಲ್ಲ, ಕಾನೂನು ಬದಲಾಗುತ್ತಿರಲಿಲ್ಲ. ಬೀದಿಯಲ್ಲಿದ್ದವರ ಈ ಆಕ್ಷೇಪ ಕಲೆಯ ದೃಷ್ಟಿಯಿಂದಲೂ ಸರಿಯಾದದ್ದೆಂದೇ ನನಗೆ ತೋರುತ್ತದೆ. ಒಂದೇ ಕಿಟಕಿಯಿಂದ ನೋಡಿದ ಊರು ಎಷ್ಟು ಸ್ಪಷ್ಟವಾಗಿ ಕಂಡರೂ ಪೂರ್ಣವಾಗಿ ಕಾಣುವುದಿಲ್ಲ. ಸಂತ್ರಸ್ತೆಯ ಹೆಸರನ್ನು ಬದಲಿಸಿದ್ದಕ್ಕೆ ಮಾತ್ರ ಕಾನೂನಿನ ಒತ್ತಾಯವೂ ಇತ್ತು. ಭಾರತೀಯ ದಂಡಸಂಹಿತೆಯ 228ಎ ಪ್ರಕರಣ ಆಕೆಯ ಗುರುತನ್ನು ಹೊರಗೆಡಹುವುದನ್ನು ನಿಷೇಧಿಸಿತ್ತು, ಈಗ ಭಾರತೀಯ ನ್ಯಾಯಸಂಹಿತೆಯ 72 ನೆಯ ಪ್ರಕರಣ ನಿಷೇಧಿಸುತ್ತದೆ.

ಈ ಕೃತಿಗಳಲ್ಲಿ ಬಹುಮಟ್ಟಿಗೆ ನೊಂದವರು ಪ್ರೇಕ್ಷಕರಾಗಿ ಕೊನೆಗೆ ಬಂದರು. ಅವರೇ ಮೊದಲಿಗರಾಗಿ ಬಂದ ಕೃತಿಯೊಂದು ನಮ್ಮ ದೇಶದಲ್ಲೇ ಇದೆ. 1997 ರ ಜೂನ್ 13 ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಚಿತ್ರ ನಡೆಯುತ್ತಿದ್ದಾಗ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿಯ ಹೊಗೆ ಮೇಲಂತಸ್ತನ್ನು ತುಂಬಿ, ಹೆಚ್ಚುವರಿ ಆಸನಗಳಿಂದ ದಾರಿ ಮುಚ್ಚಿಹೋಗಿದ್ದುದರಿಂದ ಹೊರಬರಲಾರದೆ 59 ಮಂದಿ ಸತ್ತರು. ತಮ್ಮಿಬ್ಬರು ಮಕ್ಕಳನ್ನು ಅಲ್ಲಿ ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿಗಳು ಇತರ ಕುಟುಂಬಗಳನ್ನು ಕೂಡಿಕೊಂಡು ಸಂಘ ಕಟ್ಟಿ, ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು, 2016 ರಲ್ಲಿ ತಮ್ಮ ಹೋರಾಟವನ್ನು ಪುಸ್ತಕವಾಗಿ ಬರೆದರು. ಪ್ರಶಾಂತ್ ನಾಯರ್ ಅದನ್ನು ‘ಟ್ರಯಲ್ ಬೈ ಫೈರ್’ ಎಂಬ ಸರಣಿಯಾಗಿ ರೂಪಿಸಿದಾಗ, ಪ್ರಕರಣದಲ್ಲಿ ಶಿಕ್ಷಿತರಾಗಿದ್ದ ಚಿತ್ರಮಂದಿರದ ಮಾಲೀಕರಲ್ಲೊಬ್ಬರಾದ ಸುಶೀಲ್ ಅನ್ಸಲ್ ತಡೆಯಾಜ್ಞೆ ಕೋರಿದರು. ದೆಹಲಿ ಉಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿದ ಮರುದಿನವೇ, 2023 ರ ಜನವರಿ 13 ರಂದು, ಸರಣಿ ಬಿಡುಗಡೆಯಾಯಿತು. ರಾಜಶ್ರೀ ದೇಶಪಾಂಡೆ ಮತ್ತು ಅಭಯ್ ದೇವಲ್ ಆ ದಂಪತಿಗಳಾಗಿ ಅಭಿನಯಿಸಿರುವ ರೀತಿಯಲ್ಲಿ ಕೂಗಾಟವಿಲ್ಲ; ಮಕ್ಕಳ ಕೋಣೆಯನ್ನು ಹಾಗೆಯೇ ಇಟ್ಟುಕೊಂಡು, ಕಡತಗಳನ್ನು ಓದಲು ಕಲಿತು, ದಿನಾಂಕದ ಮೇಲೆ ದಿನಾಂಕ ಮುಂದೂಡಲ್ಪಡುವುದನ್ನು ಸಹಿಸುವ ಇಬ್ಬರು ಸಾಮಾನ್ಯರಿದ್ದಾರೆ. ನೋಡಲು ಕಷ್ಟವಾಯಿತು, ನಡುನಡುವೆ ನಿಲ್ಲಿಸಿ ನೋಡಿದೆವು ಎಂದವರುಂಟು. ಗತಿ ನಿಧಾನವೆಂದವರೂ ಉಂಟು. ಆದರೆ ಇದನ್ನು ಮಾಡಬಾರದಿತ್ತು ಎಂದು ನೊಂದವರ ಪಕ್ಷದಿಂದ ಹೇಳಬಲ್ಲವರು ಉಳಿಯಲಿಲ್ಲ, ಏಕೆಂದರೆ ಆ ಕಥೆಯನ್ನು ಹೇಳಿದವರು ನೊಂದವರೇ ಆಗಿದ್ದರು. ನನ್ನ ತಿಳಿವಿನ ಮಟ್ಟಿಗೆ ಈ ಜಾತಿಯ ಭಾರತೀಯ ಕೃತಿಗಳಲ್ಲಿ ಇದು ಅತ್ಯುನ್ನತವಾದದ್ದು. ಸಿಗಬೇಕಾದಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ.

ಕನ್ನಡದ ಪ್ರೇಕ್ಷಕರಿಗೂ ಈ ವಸ್ತುವಿನ ಪರಿಚಯ ಹಳೆಯದು. ಈಟಿವಿಯಲ್ಲಿ ರವಿ ಬೆಳಗೆರೆಯವರು ನಡೆಸಿಕೊಡುತ್ತಿದ್ದ ‘ಕ್ರೈಂ ಡೈರಿ’ಗಾಗಿ ರಾತ್ರಿ ಊಟ ಮುಗಿಸಿ ಕಾದು ಕುಳಿತ ಮನೆಗಳು ನಾಡಿನಲ್ಲಿ ಅಸಂಖ್ಯ, ಅವರ ಧ್ವನಿಯ ಬಿಗಿ, ನಿರೂಪಣೆಯ ಕೌಶಲ ನಿಸ್ಸಂದೇಹವಾದದ್ದು. ಆದರೆ ಈಚೆಗೆ ನಮ್ಮ ಜನರನ್ನು ಹೆಚ್ಚು ಹತ್ತಿರದಿಂದ ತಟ್ಟಿದ್ದು 2023 ರ ಆಗಸ್ಟಿನಲ್ಲಿ ಬಂದ ‘ದಿ ಹಂಟ್ ಫಾರ್ ವೀರಪ್ಪನ್’. ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ಈ ನಾಲ್ಕು ಕಂತಿನ ಕೃತಿ ನಾಟಕವಲ್ಲ, ಸಾಕ್ಷ್ಯಚಿತ್ರ. ಕಾಡುಗಳ್ಳ ವೀರಪ್ಪನ್‌ನ ಪತ್ನಿಯೂ ಪೊಲೀಸ್ ಅಧಿಕಾರಿಗಳೂ ಅದರಲ್ಲಿ ತಾವೇ ಮಾತನಾಡುತ್ತಾರೆ. ಅದನ್ನು ನೋಡುವ ಕನ್ನಡಿಗರಲ್ಲಿ 2000 ದ ಜುಲೈ 30 ರ ರಾತ್ರಿ ಗಾಜನೂರಿನಿಂದ ರಾಜಕುಮಾರರ ಅಪಹರಣವಾದಂದಿನಿಂದ 108 ದಿನ ಆತಂಕದಲ್ಲಿ ಬೆಂದ ಪೀಳಿಗೆಯಿದೆ. 1991 ರಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಇಂದಿಗೂ ಪೂಜ್ಯಭಾವದಿಂದ ನೆನೆಯುವವರಿದ್ದಾರೆ. 1993 ರ ಪಾಲಾರ್ ಸ್ಫೋಟದಲ್ಲಿ ಸತ್ತವರ ಮನೆಯವರಿದ್ದಾರೆ. ವೀರಪ್ಪನ್‌ನನ್ನು ಹಿಡಿಯಲು ರಚಿತವಾದ ಕಾರ್ಯಪಡೆಯ ಶಿಬಿರಗಳಲ್ಲಿ ಚಿತ್ರಹಿಂಸೆ ಅನುಭವಿಸಿ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಸಾಕ್ಷಿ ಹೇಳಿದ ಕಾಡಂಚಿನ ಹಳ್ಳಿಗಳ ಬಡವರಿದ್ದಾರೆ. ಇವರೆಲ್ಲರೂ ನೊಂದವರೇ, ಒಬ್ಬರ ನೋವು ಇನ್ನೊಬ್ಬರ ನೋವಿಗೆ ಸಾಕ್ಷಿಯಾಗದೆ ಪ್ರತಿವಾದಿಯಾಗಿ ನಿಂತಿದೆ. ಉಪಹಾರ್ ದುರಂತದ ಕೃತಿ ಸೂಚಿಸಿದ, ನೊಂದವರ ಮಾತಿಗೆ ಮೊದಲ ಸ್ಥಾನವೆಂಬ ನಿಯಮ ಇಲ್ಲಿ ಬಹಳ ಕಠಿಣವಾದದ್ದಾಗುತ್ತದೆ. ಅದನ್ನು ಬಿಡತಕ್ಕದ್ದೆಂದು ನಾನು ಹೇಳುವುದಿಲ್ಲ. ಈ ಪ್ರಕರಣವನ್ನು ಮುಂದೆ ದೀರ್ಘನಾಟಕವಾಗಿ ಬರೆಯಹೊರಡುವವನು ವೀರಪ್ಪನ್‌ನ ಊರಾದ ಗೋಪಿನಾಥಂಗೂ ಹೋಗಬೇಕು, ಸತ್ತ ಪೇದೆಯ ಮನೆಗೂ ಹೋಗಬೇಕು. ಎರಡರಲ್ಲೊಂದನ್ನು ಬಿಟ್ಟರೆ ಅವನ ಕೃತಿ ಅರ್ಧ ನಾಡಿಗೆ ಸುಳ್ಳಾಗಿ ತೋರುತ್ತದೆ.

ಇನ್ನು ಪ್ರೇಕ್ಷಕರ ಅಭಿಪ್ರಾಯ ಕೇವಲ ಅಭಿಪ್ರಾಯವಾಗಿ ಉಳಿಯದೆ ಶಿಕ್ಷೆಯಾಗಿ ಪರಿಣಮಿಸುವ ಸಂದರ್ಭ. 1989 ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಡೆದ ಹಲ್ಲೆ ಮತ್ತು ಅತ್ಯಾಚಾರಕ್ಕಾಗಿ ತಪ್ಪಾಗಿ ಶಿಕ್ಷೆಗೊಳಗಾದ ಐವರು ಹುಡುಗರ ಕಥೆಯನ್ನು ಏವಾ ಡುವರ್ನೇ ‘ವೆನ್ ದೇ ಸೀ ಅಸ್’ ಎಂಬ ನಾಲ್ಕು ಭಾಗಗಳ ನಾಟಕವಾಗಿ 2019 ರಲ್ಲಿ ತಂದರು. ನಿಜವಾದ ಅಪರಾಧಿ ತಪ್ಪೊಪ್ಪಿಕೊಂಡು, ಡಿಎನ್‌ಎ ಪರೀಕ್ಷೆ ಅದನ್ನು ಸಮರ್ಥಿಸಿದ ಮೇಲೆ 2002 ರಲ್ಲೇ ಆ ಶಿಕ್ಷೆಗಳು ರದ್ದಾಗಿದ್ದುವು. 2014 ರಲ್ಲಿ ನಗರ ನಾಲ್ಕು ಕೋಟಿ ಹತ್ತು ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಿತ್ತು. ಆದರೂ ಆ ಹುಡುಗರು ಅನುಭವಿಸಿದ್ದೇನೆಂಬುದು ಲೋಕದ ಹೃದಯಕ್ಕೆ ಮುಟ್ಟಿದ್ದು ಈ ನಾಟಕದಿಂದ. ಮುಟ್ಟಿದ ಕೆಲವೇ ದಿನಗಳಲ್ಲಿ, ಅಂದು ಅಭಿಯೋಜಕ ಇಲಾಖೆಯಲ್ಲಿ ಲೈಂಗಿಕ ಅಪರಾಧಗಳ ವಿಭಾಗದ ಮುಖ್ಯಸ್ಥೆಯಾಗಿದ್ದು ಆಮೇಲೆ ಕಾದಂಬರಿಗಾರ್ತಿಯಾದ ಲಿಂಡಾ ಫೇರ್‌ಸ್ಟೈನ್ ಅವರನ್ನು ಪ್ರಕಾಶಕರು ಕೈಬಿಟ್ಟರು. ಆಕೆ ಹಲವು ಸಂಸ್ಥೆಗಳ ಮಂಡಲಿಗಳಿಂದ ಹೊರಬರಬೇಕಾಯಿತು. ತಾನು ಆಡದ ಮಾತುಗಳನ್ನು ತನ್ನ ಬಾಯಲ್ಲಿಟ್ಟರೆಂದು ಆಕೆ 2020 ರಲ್ಲಿ ಹೂಡಿದ ಮಾನನಷ್ಟದ ದಾವೆ 2024 ರ ಜೂನಿನಲ್ಲಿ ರಾಜಿಯಲ್ಲಿ ಮುಗಿಯಿತು. ಆಕೆಗೆ ಹಣವೇನೂ ಬರಲಿಲ್ಲ, ನೆಟ್‌ಫ್ಲಿಕ್ಸ್ ಹತ್ತು ಲಕ್ಷ ಡಾಲರುಗಳನ್ನು ನಿರಪರಾಧಿಗಳ ಬಿಡುಗಡೆಗಾಗಿ ದುಡಿಯುವ ಸಂಸ್ಥೆಗೆ ಕೊಟ್ಟಿತು, ಹಾಗೂ ಕೆಲವು ಪಾತ್ರಗಳೂ ಸಂಭಾಷಣೆಗಳೂ ಕಲ್ಪಿತವೆಂಬ ಸೂಚನೆಯನ್ನು ನಾಟಕದ ಕೊನೆಯಿಂದ ಆರಂಭಕ್ಕೆ ತಂದಿತು. ಆ ಹುಡುಗರಿಗಾದ ಅನ್ಯಾಯದ ಮುಂದೆ ಆಕೆಗಾದ ಹಾನಿ ಅತ್ಯಲ್ಪವೆಂದು ಭಾವಿಸುವವರಲ್ಲಿ ನಾನೂ ಒಬ್ಬನು. ಆದರೂ ಸೂಚನೆಯ ಸ್ಥಾನಪಲ್ಲಟ ಮುಖ್ಯವಾದದ್ದು. ತೀರ್ಪು ಕೊಟ್ಟಾದ ಮೇಲೆ ಸಾಕ್ಷ್ಯದ ಸ್ವರೂಪವನ್ನು ತಿಳಿಸುವುದರಿಂದ ಪ್ರಯೋಜನವೇನು?

2024 ರ ಏಪ್ರಿಲ್‌ನಲ್ಲಿ ಬಂದ ‘ಬೇಬಿ ರೇಂಡೀರ್’ ಇದಕ್ಕೆ ವಿಪರೀತವಾದ ನಿದರ್ಶನ. ತಾನು ಅನುಭವಿಸಿದ ಬೆನ್ನಟ್ಟುವಿಕೆ ಮತ್ತು ಲೈಂಗಿಕ ದೌರ್ಜನ್ಯಗಳನ್ನು ರಿಚರ್ಡ್ ಗ್ಯಾಡ್ ತಾನೇ ಬರೆದು ಅಭಿನಯಿಸಿದ ಈ ನಾಟಕ, ಇದು ನಿಜವಾದ ಕಥೆ ಎಂಬ ಘೋಷಣೆಯನ್ನೇ ಆರಂಭದಲ್ಲಿ ಇಟ್ಟಿತು. ನೋಡಿದವರು ಪತ್ತೆದಾರರಾಗಿ, ನಾಟಕದ ದುಷ್ಟಪಾತ್ರಗಳ ಹಿಂದಿರುವ ನಿಜವ್ಯಕ್ತಿಗಳನ್ನು ಹುಡುಕಹೊರಟರು. ದಯವಿಟ್ಟು ಹುಡುಕಬೇಡಿ ಎಂದು ಗ್ಯಾಡ್ ಪ್ರಾರ್ಥಿಸಿದರೂ ನಿಲ್ಲಲಿಲ್ಲ. ಕಥೆಗೆ ಸಂಬಂಧವೇ ಇಲ್ಲದ ರಂಗನಿರ್ದೇಶಕರೊಬ್ಬರು ತಮ್ಮ ಮೇಲೆ ಬಂದ ಆರೋಪಗಳಿಂದಾಗಿ ಪೊಲೀಸರ ಮೊರೆಹೋಗಬೇಕಾಯಿತು. ಪ್ರೇಕ್ಷಕನ ಕ್ರೋಧ ಸಾಧುವಾದದ್ದೇ ಆಗಿದ್ದರೂ ಅದಕ್ಕೆ ವಿಳಾಸ ತಪ್ಪಿತೆಂದರೆ ಅದೂ ಒಂದು ಅಪರಾಧವಾಗುತ್ತದೆ.

ಆದರೆ ವಿಳಾಸ ಸರಿಯಾಗಿದ್ದಾಗ ಆ ಕ್ರೋಧ ಏನು ಮಾಡಬಲ್ಲದೆಂಬುದಕ್ಕೆ ಬ್ರಿಟನ್ನಿನ ಅಂಚೆಕಚೇರಿಯ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಫುಜಿತ್ಸು ಸಂಸ್ಥೆ ತಯಾರಿಸಿದ ‘ಹೊರೈಜನ್’ ಎಂಬ ಗಣಕವ್ಯವಸ್ಥೆ ಲೆಕ್ಕಗಳಲ್ಲಿ ಇಲ್ಲದ ಕೊರತೆಗಳನ್ನು ತೋರಿಸಿದ್ದರಿಂದ, 1999 ರಿಂದ 2015 ರ ನಡುವೆ ಒಂಬೈನೂರಕ್ಕೂ ಹೆಚ್ಚು ಉಪ ಅಂಚೆಪಾಲಕರು ಕಳ್ಳತನ, ಸುಳ್ಳುಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷಿತರಾದರು. ಅವರಲ್ಲಿ ಊರಿನ ಮೂಲೆಯಂಗಡಿಯೊಡನೆ ಅಂಚೆಕಚೇರಿಯನ್ನೂ ನಡೆಸುತ್ತಿದ್ದ ಭಾರತೀಯ ಮೂಲದವರೂ ಅನೇಕರಿದ್ದರು. ಕೆಲವರು ಸೆರೆಮನೆ ಸೇರಿದರು, ಕೆಲವರು ಮನೆಮಾರು ಕಳೆದುಕೊಂಡರು, ಕೆಲವರು ಆತ್ಮಹತ್ಯೆ ಮಾಡಿಕೊಂಡರು. ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ 2009 ರಲ್ಲೇ ಇದನ್ನು ಬಯಲಿಗೆಳೆದಿತ್ತು. ಅಲನ್ ಬೇಟ್ಸ್ ಅವರ ನಾಯಕತ್ವದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ 2019 ರಲ್ಲಿ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತ್ತು. ಸಾರ್ವಜನಿಕ ವಿಚಾರಣೆಯೂ ನಡೆಯುತ್ತಿತ್ತು. ಎಲ್ಲವೂ ಗೊತ್ತಿತ್ತು, ಯಾರಿಗೂ ತಟ್ಟಿರಲಿಲ್ಲ. 2024 ರ ಹೊಸವರ್ಷದ ದಿನದಿಂದ ನಾಲ್ಕು ರಾತ್ರಿಗಳ ಕಾಲ ಐಟಿವಿ, ಗ್ವಿನೆತ್ ಹ್ಯೂಸ್ ಬರೆದ ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’ ನಾಟಕವನ್ನು ಪ್ರಸಾರ ಮಾಡಿತು. ಟೋಬಿ ಜೋನ್ಸ್ ಅಭಿನಯಿಸಿದ ಬೇಟ್ಸ್ ಮೆಲುದನಿಯ, ಹಟಮಾರಿ, ಸಾಮಾನ್ಯ ಮನುಷ್ಯ. ಇಂಥವರನ್ನು ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ಬೀದಿಯಲ್ಲೇ ಕಂಡಿದ್ದನು. ಅಂಚೆಕಚೇರಿಯ ಮಾಜಿ ಮುಖ್ಯಸ್ಥೆಗೆ ಸರ್ಕಾರ ಕೊಟ್ಟಿದ್ದ ಗೌರವವನ್ನು ಹಿಂತೆಗೆದುಕೊಳ್ಳಬೇಕೆಂಬ ಮನವಿಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಮಂದಿ ಸಹಿಹಾಕಿದರು. ಜನವರಿ 9 ರಂದು ಆಕೆ ಅದನ್ನು ಹಿಂದಿರುಗಿಸುವುದಾಗಿ ಹೇಳಿದರು. ಮರುದಿನ ಪ್ರಧಾನಿ ರಿಷಿ ಸುನಕ್ ಶಿಕ್ಷೆಗಳನ್ನು ಶಾಸನದ ಮೂಲಕವೇ ರದ್ದುಪಡಿಸುವುದಾಗಿ ಪ್ರಕಟಿಸಿದರು. ಮೇ 24 ರಂದು ಆ ಕಾಯ್ದೆಗೆ ರಾಜಮುದ್ರೆ ಬಿತ್ತು.

ಹದಿನೈದು ವರ್ಷಗಳ ಪತ್ರಿಕಾವೃತ್ತಿಯೂ ನ್ಯಾಯಾಲಯಗಳೂ ಮಾಡಲಾಗದ್ದನ್ನು ನಾಲ್ಕು ರಾತ್ರಿಗಳ ನಾಟಕ ಮಾಡಿತೆಂದು ಆಗ ಎಲ್ಲರೂ ಹೇಳಿದರು. ಅದು ಅರ್ಧಸತ್ಯ, ಆ ಪತ್ರಕರ್ತರೂ ಆ ನ್ಯಾಯಾಧೀಶರೂ ಸತ್ಯವನ್ನು ಸಿದ್ಧಮಾಡಿ ಇಟ್ಟಿರದಿದ್ದರೆ ಹ್ಯೂಸ್ ಅವರಿಗೆ ಬರೆಯಲು ವಸ್ತುವಿರುತ್ತಿರಲಿಲ್ಲ, ಬರೆದಿದ್ದರೂ ದಾವೆಗಳ ಭಯದಿಂದ ಅದು ಪ್ರಸಾರವಾಗುತ್ತಿರಲಿಲ್ಲ. ನಾಟಕ ಕೂಡಿಸಿದ್ದು ಸಾಧಾರಣೀಕರಣವನ್ನು; ಯಾರೋ ಒಬ್ಬ ಅಂಚೆಪಾಲಕನ ಕಷ್ಟ ಸರ್ವರ ಕಷ್ಟವಾಯಿತು. ಆದರೆ ಆಲಂಕಾರಿಕರು ನಿರೀಕ್ಷಿಸಿದಂತೆ ಅದು ರಸಾಸ್ವಾದದಲ್ಲಿ ವಿಶ್ರಾಂತಿ ಪಡೆಯಲಿಲ್ಲ. ಪ್ರೇಕ್ಷಕನು ಎದ್ದು ಲೇಖನಿಯನ್ನು ಹಿಡಿದನು. ಡಾಮರ್‌ನ ನಾಟಕವನ್ನು ಇದಕ್ಕಿಂತ ಬಹುಪಟ್ಟು ಹೆಚ್ಚು ಜನ ನೋಡಿದರು, ಪೊಲೀಸರ ನಿರ್ಲಕ್ಷ್ಯದ ಬಗ್ಗೆ ಮರುಗಿದರು; ಆದರೆ ಮರುಕಕ್ಕೆ ಹೋಗಲು ದಾರಿಯಿರಲಿಲ್ಲ, ಏಕೆಂದರೆ ನಾಟಕವೇ ಅವರ ಕಣ್ಣನ್ನು ಕೊನೆಯವರೆಗೂ ಕೊಲೆಗಾರನ ಮುಖದ ಮೇಲೆ ನೆಟ್ಟಿತ್ತು.

ಬೇಟ್ಸ್ ನಾಟಕವನ್ನು ನೋಡಿದವರಲ್ಲಿ ಇನ್ನೊಂದು ಗುಂಪಿನವರೂ ಇದ್ದರು. ಹೊರೈಜನ್‌ಗೂ ಹಿಂದೆ, 1990 ರ ದಶಕದಲ್ಲಿ, ಅಂಚೆಕಚೇರಿಗಳಲ್ಲಿ ‘ಕ್ಯಾಪ್ಚರ್’ ಎಂಬ ಲೆಕ್ಕದ ತಂತ್ರಾಂಶವನ್ನು ಬಳಸಿ, ಅದರ ಕೊರತೆಗಳಿಗಾಗಿ ಹಣ ತೆತ್ತವರು, ಶಿಕ್ಷೆಗೊಳಗಾದವರು, ಇಷ್ಟು ವರ್ಷ ತಪ್ಪು ತಮ್ಮದೇ ಇದ್ದಿರಬಹುದೆಂದು ಬಾಯಿಮುಚ್ಚಿ ಕುಳಿತಿದ್ದವರು, ಈ ನಾಟಕ ಪ್ರಸಾರವಾದ ಮೇಲೆ ಹಳೆಯ ಕಾಗದಗಳನ್ನು ಹೊರತೆಗೆದು ತಮ್ಮ ಕಥೆಯೂ ಇದೇ ಎಂದು ಹೇಳಿಕೊಂಡು ಮುಂದೆ ಬಂದರು. ಅದೇ ವರ್ಷ ಸರ್ಕಾರ ಆ ತಂತ್ರಾಂಶದ ವಿಷಯದಲ್ಲಿ ಪ್ರತ್ಯೇಕ ತನಿಖೆ ನಡೆಸಿತು. ಮೇ ತಿಂಗಳ ಕಾಯ್ದೆ ಹೊರೈಜನ್ ಪ್ರಕರಣಗಳಿಗೆ ಮಾತ್ರ ಅನ್ವಯಿಸುವುದರಿಂದ ಅವರ ಶಿಕ್ಷೆಗಳು ಅದರಡಿಯಲ್ಲಿ ರದ್ದಾಗಲಿಲ್ಲ.